ಸ್ಕಾಟ್ಲೆಂಡಿನ ನೀಲಿ ಬಾನೆಟ್: ದೊಡ್ಡದಾಗಿ ಹೆಣೆದು, ಬಿಸಿನೀರಲ್ಲಿ ಕುಗ್ಗಿಸಿ ಮಾಡುವ ಟೋಪಿ

ಸ್ಕಾಟ್ಲೆಂಡಿನ ಹಳೇ ನೀಲಿ ಬಾನೆಟ್ ನೋಡಿದವರು ಸಾಮಾನ್ಯವಾಗಿ ಅದನ್ನು ದಪ್ಪ ಬಟ್ಟೆ ಕತ್ತರಿಸಿ ಹೊಲಿದದ್ದು ಅಂದುಕೊಳ್ಳುತ್ತಾರೆ. ಅಗಲವಾಗಿ, ಚಪ್ಪಟೆಯಾಗಿ, ಒಂದು ಪಕ್ಕಕ್ಕೆ ವಾಲಿಕೊಂಡು ಕೂರುವ ಟೋಪಿ ಅದು. ಹತ್ತಿರದಿಂದ ನೋಡಿದರೂ ಹೆಣಿಗೆಯ ಕುಣಿಕೆ ಕಾಣುವುದಿಲ್ಲ. ಆದರೆ ಅದು ಕಡ್ಡಿಯಲ್ಲಿ ಹೆಣೆದದ್ದೇ. ಶುರುವಿನಿಂದ ಕೊನೆವರೆಗೆ ಒಂದೇ ತುಂಡು, ಎಲ್ಲೂ ಜೋಡಣೆ ಇಲ್ಲ.

ಕುಣಿಕೆಗಳು ಎಲ್ಲಿ ಹೋದವು? ನೀರಲ್ಲಿ ಹೋದವು. ಬೇಕಾದ ಅಳತೆಗಿಂತ ತುಂಬಾ ದೊಡ್ಡದಾಗಿ, ಸಡಿಲವಾಗಿ ಹೆಣೆದು, ಆಮೇಲೆ ಬಿಸಿನೀರು, ಸೋಪು ಹಾಕಿ ಚೆನ್ನಾಗಿ ಉಜ್ಜುತ್ತಾರೆ. ಉಣ್ಣೆ ಕುಗ್ಗಿ, ಎಳೆಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡು, ಎಣ್ಣೆ ಕಾಣದ ಕೂದಲು ಜಡೆಗಟ್ಟುವ ಹಾಗೆ ಜಡೆಗಟ್ಟುತ್ತದೆ. ಇದಕ್ಕೆ ಫೆಲ್ಟಿಂಗ್ ಅಂತಾರೆ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ: ಈ ಟೋಪಿಯಲ್ಲಿ ಹೆಣಿಗೆ ಅರ್ಧ ಕೆಲಸ, ಉಳಿದರ್ಧ ಬಕೆಟ್ಟಿನಲ್ಲಿ ಆಗುತ್ತದೆ. ಸುಮ್ನೆ ಸರಿಯಾದ ಅಳತೆಗೆ ಹೆಣೆದು ಹಾಗೇ ಹಾಕಿಕೊಂಡರೆ ಅದು ಸಾಮಾನ್ಯ ಉಣ್ಣೆ ಟೋಪಿ, ಬಾನೆಟ್ ಅಲ್ಲ.

ಮೊದಲು ಸ್ವಲ್ಪ ಹಿನ್ನೆಲೆ, ಯಾಕೆಂದರೆ ಟೋಪಿಯ ಆಕಾರಕ್ಕೂ ಅದಕ್ಕೂ ಸಂಬಂಧ ಇದೆ. ಬಾನೆಟ್ ಮಾಡುವುದು ಸ್ಕಾಟ್ಲೆಂಡಿನ ಊರುಗಳಲ್ಲಿ ಬಹಳ ಹಳೆಯ ಕಸುಬು. ಡಂಡೀ ಊರಿನ ಬಾನೆಟ್ ಕಸುಬುದಾರರ ಸಂಘಕ್ಕೆ 1496ರಲ್ಲೇ ಮಾನ್ಯತೆ ಸಿಕ್ಕಿತ್ತು. ಎಡಿನ್‌ಬರೋದಲ್ಲಿ 1530, ಗ್ಲಾಸ್ಗೋದಲ್ಲಿ 1597. ಗ್ಲಾಸ್ಗೋದ ಸಂಘದಲ್ಲಿ ಬಾನೆಟ್ ಮಾಡುವವರೂ ಬಣ್ಣ ಹಾಕುವವರೂ ಒಟ್ಟಿಗೇ ಇದ್ದರು. ಎರಡು ಕೆಲಸ ಅಷ್ಟು ಅಂಟಿಕೊಂಡಿದ್ದವು. ಪಶ್ಚಿಮದ ಏರ್‌ಶೈರ್ ಕಡೆ ಕಿಲ್ಮಾರ್ನಾಕ್ ಮತ್ತು ಸ್ಟೂವರ್ಟನ್ ಈ ಕಸುಬಿಗೆ ಹೆಸರಾದ ಊರುಗಳು. ಸ್ಟೂವರ್ಟನ್ ಅನ್ನು ಇವತ್ತಿಗೂ ಅಲ್ಲಿನ ಜನ ಬಾನೆಟ್ ಊರು ಅಂತಲೇ ಕರೆಯುತ್ತಾರೆ. ನೀಲಿ ಬಣ್ಣ ಮೊದಲು ವೋಡ್ ಅನ್ನುವ ಯೂರೋಪಿನ ಗಿಡದಿಂದ ಬರುತ್ತಿತ್ತು, ಆಮೇಲೆ ನಮ್ಮ ಕಡೆಯಿಂದ ಹಡಗಿನಲ್ಲಿ ಹೋದ ಇಂಡಿಗೋ ಅದರ ಜಾಗ ಹಿಡಿಯಿತು.

ರೈತರು, ಕುರಿ ಕಾಯುವವರು, ಸೈನಿಕರು, ಎಲ್ಲರ ತಲೆ ಮೇಲೂ ಇದೇ ಇರುತ್ತಿತ್ತು. ಅಲ್ಲಿನ ಹವೆ ಗೊತ್ತಲ್ವಾ, ಬಿಡದೆ ಹಿಡಿಯುವ ಜಿನುಗು ಮಳೆ, ಗಾಳಿ. ಫೆಲ್ಟ್ ಆದ ಉಣ್ಣೆಯೊಳಗೆ ಗಾಳಿ ನುಗ್ಗುವುದಿಲ್ಲ, ನೀರು ಬೇಗ ಇಳಿಯುವುದಿಲ್ಲ, ಒದ್ದೆಯಾದರೂ ಬೆಚ್ಚಗಿರುತ್ತದೆ. ಅಗಲ ಇರುವುದರಿಂದ ಕಣ್ಣಿಗೂ ಕಿವಿಗೂ ಒಂದಿಷ್ಟು ಮರೆ.

ಅಂದಿನ ಹೆಣಿಗೆ ಟೋಪಿಗಳು ಹೇಗಿದ್ದವು ಅಂತ ನಮಗೆ ಕಣ್ಣಾರೆ ಗೊತ್ತಾಗಿರುವುದು ಜೌಗು ನೆಲದಿಂದ. 1951ರಲ್ಲಿ ಶೆಟ್ಲೆಂಡ್ ದ್ವೀಪದ ಗನ್ನಿಸ್ಟರ್ ಬಳಿ ಪೀಟ್ ಮಣ್ಣು, ಅಂದರೆ ಗಿಡಗಳು ಕೊಳೆತು ಆದ ಜೌಗು ಮಣ್ಣು, ಅಗೆಯುವಾಗ 17ನೇ ಶತಮಾನದ ಕೊನೆಯ ಹೊತ್ತಿನ ಒಬ್ಬ ಮನುಷ್ಯನ ಬಟ್ಟೆಗಳು ಸಿಕ್ಕವು. ಹೆಣೆದ ಟೋಪಿ, ಕಾಲುಚೀಲ, ಕೈಗವಸು, ಒಂದು ಪುಟ್ಟ ಹಣದ ಚೀಲ ಕೂಡ. 1964ರಲ್ಲಿ ಲೂಯಿಸ್ ದ್ವೀಪದ ಆರ್ನಿಶ್ ಬಯಲಿನಲ್ಲಿ ಸಿಕ್ಕ, ಅದಕ್ಕಿಂತ ಸ್ವಲ್ಪ ಈಚಿನ ಕಾಲದ ವ್ಯಕ್ತಿಯ ಹತ್ತಿರವೂ ಹೆಣೆದ ಬಾನೆಟ್ ಇತ್ತು. ಪೀಟ್ ಮಣ್ಣಿನ ಹುಳಿಗೆ ಲಿನನ್‌ನಂಥ ಗಿಡದ ನಾರು ಕರಗಿ ಹೋಗುತ್ತದೆ, ಉಣ್ಣೆ ಮಾತ್ರ ಉಳಿಯುತ್ತದೆ. ಮೂಳೆಯೂ ಸರಿಯಾಗಿ ಉಳಿಯದ ಮಣ್ಣಿನಲ್ಲಿ ಯಾರೋ ಕೈಯಾರೆ ಹೆಣೆದ ಟೋಪಿ ಉಳಿದಿದೆ ಅನ್ನುವುದು ನನಗೆ ಪ್ರತಿ ಸಲ ಓದಿದಾಗಲೂ ಮೈ ಜುಮ್ಮೆನ್ನಿಸುವ ಸಂಗತಿ.

ಈಗ ಕೆಲಸಕ್ಕೆ ಬರೋಣ.

ನೂಲು: ಇಲ್ಲಿ ರಾಜಿ ಬೇಡ

ನೂರಕ್ಕೆ ನೂರು ಉಣ್ಣೆಯೇ ಬೇಕು. ನಮ್ಮ ಊರಿನ ಅಂಗಡಿಗಳಲ್ಲಿ ಉಲ್ಲನ್ ಕೊಡಿ ಅಂದರೆ ಬಹುಪಾಲು ಸಿಗುವುದು ಅಕ್ರಿಲಿಕ್. ಅದನ್ನು ಎಷ್ಟು ಕುದಿಸಿ ಉಜ್ಜಿದರೂ ಫೆಲ್ಟ್ ಆಗುವುದಿಲ್ಲ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು, ಅಲುಗಾಟ ಮೂರೂ ಸೇರಿದಾಗ ಎಳೆಗಳು ಜರುಗುತ್ತವೆ, ಆದರೆ ಈ ಹುರುಪೆಗಳಿಂದಾಗಿ ಒಂದೇ ದಿಕ್ಕಿಗೆ ಜರುಗುತ್ತವೆ, ವಾಪಸ್ ಬರುವುದಿಲ್ಲ. ಫೆಲ್ಟಿಂಗಿನ ಗುಟ್ಟೆಲ್ಲ ಅಷ್ಟೇ. ಅಕ್ರಿಲಿಕ್ಕಿಗೆ ಹುರುಪೆ ಇಲ್ಲ. ಸೂಪರ್‌ವಾಶ್ ಅಂತ ಚೀಟಿ ಇರುವ ಉಣ್ಣೆಯಲ್ಲಿ ಹುರುಪೆಯನ್ನು ತೆಗೆದಿರುತ್ತಾರೆ ಅಥವಾ ಅದರ ಮೇಲೆ ತೆಳು ಲೇಪ ಕೊಟ್ಟಿರುತ್ತಾರೆ. ಹಾಗಾಗಿ ಅದೂ ಬೇಡ. ಮಷೀನ್‌ನಲ್ಲಿ ಒಗೆಯಬಹುದು ಅಂತ ಬರೆದಿದ್ದರೆ ಅಲ್ಲಿಗೇ ಬಿಡಿ.

ಚೀಟಿ ಇಲ್ಲದ ನೂಲಾದರೆ ಎರಡು ಪರೀಕ್ಷೆ ಮಾಡಿ. ಒಂದು ತುಂಡಿಗೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನೆಯದು, ಎರಡು ತುಂಡುಗಳ ತುದಿ ಬಿಡಿಸಿ ಒಂದರ ಮೇಲೊಂದು ಇಟ್ಟು, ಸ್ವಲ್ಪ ಒದ್ದೆ ಮಾಡಿ, ಅಂಗೈಯಲ್ಲಿ ಜೋರಾಗಿ ಹೊಸೆಯಿರಿ. ಕೂಡಿಕೊಂಡು ಒಂದೇ ನೂಲಾದರೆ ಅದು ಫೆಲ್ಟ್ ಆಗುವ ಉಣ್ಣೆ. ಈ ಎರಡನೇ ಪರೀಕ್ಷೆಯೇ ಮುಖ್ಯ, ಯಾಕೆಂದರೆ ಸೂಪರ್‌ವಾಶ್ ಉಣ್ಣೆ ಬೆಂಕಿ ಪರೀಕ್ಷೆಯಲ್ಲಿ ಪಾಸಾಗಿ ಬಿಡುತ್ತದೆ.

ದಪ್ಪ ಮಧ್ಯಮ ಇರಲಿ, 100 ಗ್ರಾಂಗೆ ಸುಮಾರು 200 ಮೀಟರ್ ಬರುವ ನೂಲು. ಟೋಪಿಗೆ 100 ಗ್ರಾಂ ಹತ್ತಿರ ಹೋಗುತ್ತದೆ. ಮಾದರಿ ತುಂಡಿಗೂ ಬೇಕಲ್ಲ, ಹಾಗಾಗಿ 150 ಗ್ರಾಂ ತೆಗೆದುಕೊಳ್ಳಿ. ಬ್ರಿಟನ್‌ನಲ್ಲಿ ಇರುವವರಿಗೆ ಶೆಟ್ಲೆಂಡ್ ಅಥವಾ ಚೆವಿಯಟ್ ಕುರಿಯ ನೂಲು ಸುಲಭವಾಗಿ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಬೇಡ. ಇಲ್ಲಿ ಇರುವವರು ಆನ್‌ಲೈನ್‌ನಲ್ಲಿ ಹಿಮಾಚಲದ ಕಡೆಯ ಉಣ್ಣೆ ಹುಡುಕಬಹುದು. ನಮ್ಮ ಕಂಬಳಿಯ ದಖ್ಖನಿ ಕುರಿ ಉಣ್ಣೆಯಲ್ಲಿ ಮಾಡಬಹುದಾ ಅಂತ ಕೇಳಬಹುದು ನೀವು. ಅದು ಒರಟು ಉಣ್ಣೆ, ಹಣೆಗೆ ಚುಚ್ಚುತ್ತದೆ. ಆಸೆ ಇದ್ದರೆ ಮಾದರಿ ತುಂಡು ಮಾಡಿ ನೋಡಿ. ಚೆನ್ನಾಗಿ ಬಂದರೆ ತಲೆಗೆ ತಾಗುವ ಪಟ್ಟಿಯ ಒಳಗೆ ಹತ್ತಿ ಬಟ್ಟೆ ಹೊಲಿದುಕೊಳ್ಳಿ.

ಬಣ್ಣ ಕಡು ನೀಲಿ ಇದ್ದರೆ ಚೆಂದ. ಮೊದಲ ಸಲಕ್ಕೆ ಬಣ್ಣ ಹಾಕಿದ ನೂಲನ್ನೇ ಕೊಳ್ಳಿ, ಮನೆಯಲ್ಲಿ ಇಂಡಿಗೋ ಹಾಕುವುದು ಬೇರೆಯೇ ಕಲೆ. ಅದೂ ಉಣ್ಣೆಗೆ ಸುಣ್ಣ ಜಾಸ್ತಿ ಹಾಕಿದ ಇಂಡಿಗೋ ತೊಟ್ಟಿ ಆಗುವುದಿಲ್ಲ, ಎಳೆ ಹಾಳಾಗುತ್ತದೆ. ಇನ್ನೊಂದು ಮಾತು, ಬ್ಲೀಚ್ ಮಾಡಿದ ಅಚ್ಚ ಬಿಳಿ ನೂಲು ಸರಿಯಾಗಿ ಕುಗ್ಗದೆ ಸತಾಯಿಸಬಹುದು.

ಕಡ್ಡಿ 5.5 ಅಥವಾ 6 ಮಿ.ಮೀ. ಈ ನೂಲಿಗೆ ಸಾಮಾನ್ಯವಾಗಿ ಬಳಸುವುದಕ್ಕಿಂತ ಇದು ದಪ್ಪ, ಬೇಕೆಂದೇ ದಪ್ಪ. ಕುಣಿಕೆಗಳ ನಡುವೆ ಜಾಗ ಇದ್ದರೆ ತಾನೇ ಎಳೆಗಳು ಓಡಾಡಿ ಸಿಕ್ಕಿಕೊಳ್ಳುವುದು? 60 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ (ಎರಡು ಕಡ್ಡಿಗಳನ್ನು ಬಳುಕುವ ವೈರಿನಿಂದ ಸೇರಿಸಿದ್ದು, ಸುತ್ತಾಗಿ ಹೆಣೆಯಲು) ಒಂದು, ನೆತ್ತಿಯ ಕೊನೆಗೆ ಅದೇ ದಪ್ಪದ ಎರಡು ಕಡೆ ಚೂಪಿರುವ ಐದು ಕಡ್ಡಿಗಳ ಸೆಟ್ ಒಂದು. ಹಳೇ ಕಾಲದವರು ಪೂರ್ತಿ ಟೋಪಿಯನ್ನು ಇಂಥ ಎರಡು ಕಡೆ ಚೂಪಿರುವ ಕಡ್ಡಿಗಳಲ್ಲೇ ಹೆಣೆಯುತ್ತಿದ್ದರು.

ಮಾದರಿ ತುಂಡು, ಇದನ್ನು ಬಿಡಲೇಬೇಡಿ

ಬೇರೆ ಹೆಣಿಗೆಯಲ್ಲಿ ಮಾದರಿ ತುಂಡು ಬಿಟ್ಟರೂ ಹೇಗೋ ಸುಧಾರಿಸಬಹುದು. ಇಲ್ಲಿ ಆಗುವುದಿಲ್ಲ. ಒಂದೊಂದು ಉಣ್ಣೆ ಒಂದೊಂದು ಥರ ಕುಗ್ಗುತ್ತದೆ, ಒಂದೇ ಕಂಪನಿಯ ಎರಡು ಬಣ್ಣಗಳೂ ಬೇರೆ ಬೇರೆ ಥರ ಕುಗ್ಗಬಹುದು.

32 ಕುಣಿಕೆ ಹಾಕಿ, 44 ಸಾಲು ಹೆಣೆಯಿರಿ, ಮುಂಭಾಗ ನಿಟ್ (ಸೀದಾ ಹೆಣಿಗೆ), ಹಿಂಭಾಗ ಪರ್ಲ್ (ಉಲ್ಟಾ ಹೆಣಿಗೆ). ನಡುವಿನ 24 ಕುಣಿಕೆಗಳ ಎರಡೂ ಕಡೆ ಹತ್ತಿ ದಾರದ ಗುರುತು ಕಟ್ಟಿ. ಹಾಗೇ ಮೇಲೆ ಕೆಳಗೆ 30 ಸಾಲಿಗೆ ಗುರುತು. ಹತ್ತಿ ಫೆಲ್ಟ್ ಆಗುವುದಿಲ್ಲ, ಕುಣಿಕೆ ಮಾಯವಾದ ಮೇಲೂ ಗುರುತು ಉಳಿಯುತ್ತದೆ. ಅಂಚಿನಿಂದ ಅಂಚಿಗೆ ಅಳೆಯಬೇಡಿ, ಅಂಚುಗಳು ಸುರುಳಿ ಸುತ್ತಿಕೊಂಡು ಲೆಕ್ಕ ತಪ್ಪಿಸುತ್ತವೆ.

ನಾನು ಕೆಳಗೆ ಕೊಡುವ ಲೆಕ್ಕಕ್ಕೆ ಹೆಣೆದ ತುಂಡಿನಲ್ಲಿ 10 ಸೆಂ.ಮೀ.ಗೆ 16 ಕುಣಿಕೆ, 22 ಸಾಲು ಹತ್ತಿರ ಇರಬೇಕು. ಈಗ ತುಂಡನ್ನು, ಮುಂದೆ ಹೇಳುವ ರೀತಿಯಲ್ಲಿ, ಫೆಲ್ಟ್ ಮಾಡಿ ಒಣಗಿಸಿ. ಗುರುತುಗಳ ನಡುವಿನ 24 ಕುಣಿಕೆ 12 ಸೆಂ.ಮೀ. ಆಗಿದ್ದರೆ ಸೆಂಟಿಮೀಟರಿಗೆ 2 ಕುಣಿಕೆ ಅಂತಾಯಿತು. ತಲೆಯ ಸುತ್ತಳತೆ 56 ಸೆಂ.ಮೀ. ಆದರೆ 56 ಗುಣಿಸು 2, ಅಂದರೆ 112 ಕುಣಿಕೆ. ಇಷ್ಟೇ ಲೆಕ್ಕ. ನಿಮ್ಮ ತುಂಡು ಬೇರೆ ಉತ್ತರ ಕೊಟ್ಟರೆ ನಿಮ್ಮ ಉತ್ತರವನ್ನೇ ನಂಬಿ. ಬಂದ ಸಂಖ್ಯೆಯನ್ನು 104, 112, 120 ಇವುಗಳಲ್ಲಿ ಹತ್ತಿರದ್ದಕ್ಕೆ ತಂದುಕೊಳ್ಳಿ. ಎರಡರ ಸರಿ ನಡುವೆ ಬಂದರೆ ದೊಡ್ಡದನ್ನೇ ಹಿಡಿಯಿರಿ, ಇನ್ನಷ್ಟು ಕುಗ್ಗಿಸುವುದು ಸುಲಭ, ಕುಗ್ಗಿದ್ದನ್ನು ಹಿಗ್ಗಿಸುವುದು ಕಷ್ಟ. ಸಾಮಾನ್ಯವಾಗಿ ಉಣ್ಣೆ ಅಗಲಕ್ಕಿಂತ ಉದ್ದದಲ್ಲಿ ಜಾಸ್ತಿ ಕುಗ್ಗುತ್ತದೆ. ಈ ಲೆಕ್ಕದಲ್ಲಿ ಅಗಲ ಐದರಲ್ಲೊಂದು ಭಾಗ, ಉದ್ದ ಹತ್ತರಲ್ಲಿ ಮೂರು ಭಾಗ ಹೋಗುತ್ತದೆ ಅಂತ ಇಟ್ಟುಕೊಂಡಿದ್ದೇನೆ.

ಪಟ್ಟಿ

112 ಕುಣಿಕೆ ಸಡಿಲವಾಗಿ ಹಾಕಿ. ತಿರುಚದಂತೆ ನೋಡಿಕೊಂಡು ಸುತ್ತಿಗೆ ಸೇರಿಸಿ, ಶುರುವಿನ ಜಾಗಕ್ಕೆ ಒಂದು ಗುರುತಿನ ಉಂಗುರ ಹಾಕಿ. 8 ಸುತ್ತು ನಿಟ್. ಆಮೇಲೆ 1 ಸುತ್ತು ಪರ್ಲ್, ಇದು ಮಡಿಕೆಯ ಗೆರೆ. ಮತ್ತೆ 8 ಸುತ್ತು ನಿಟ್.

ಈಗ ಪರ್ಲ್ ಗೆರೆಯಲ್ಲಿ ಪಟ್ಟಿಯನ್ನು ಒಳಕ್ಕೆ ಮಡಿಸಿ. ಮುಂದಿನ ಸುತ್ತಿನಲ್ಲಿ ಕಡ್ಡಿಯ ಮೇಲಿನ ಪ್ರತಿ ಕುಣಿಕೆಯ ಜೊತೆಗೆ ಶುರುವಿನ ಅಂಚಿನ ಅದೇ ನೇರದ ಕುಣಿಕೆಯನ್ನೂ ಎತ್ತಿಕೊಂಡು ಎರಡನ್ನೂ ಸೇರಿಸಿ ನಿಟ್ ಮಾಡಿ. ಒಂದು ಸುತ್ತು ಮುಗಿದಾಗ ಪಟ್ಟಿ ಎರಡು ಪದರ ಆಗಿರುತ್ತದೆ. ಹೀಗೆ ಎತ್ತಿಕೊಳ್ಳುವುದು ಕಿರಿಕಿರಿ ಅನ್ನಿಸಿದರೆ ಹಾಗೇ ಮುಂದೆ ಹೆಣೆದು, ಪೂರ್ತಿ ಆದ ಮೇಲೆ ಅದೇ ನೂಲಿನಿಂದ ಸಡಿಲವಾಗಿ ಹೊಲಿಯಿರಿ. ಬಿಗಿಯಾಗಿ ಹೊಲಿಯಬೇಡಿ, ಆ ಗೆರೆ ಬಿಗಿದು ಹಿಡಿದುಕೊಳ್ಳುತ್ತದೆ. ಎರಡು ಪದರವೂ ಮುಂದೆ ಫೆಲ್ಟಿಂಗಿನಲ್ಲಿ ಒಂದಾಗಿ ಹೋಗುತ್ತವೆ, ಪಟ್ಟಿ ಗಟ್ಟಿಯಾಗಿ ಹಣೆ ಮೇಲೆ ನಿಲ್ಲುವುದು ಅದರಿಂದಲೇ.

ಅಗಲ

ಇಲ್ಲಿಂದ ಟೋಪಿ ಹರಡಿಕೊಳ್ಳಬೇಕು. ಮೊದಲ ಸುತ್ತು: 4 ನಿಟ್, 1 ಹೊಸ ಕುಣಿಕೆ, ಹೀಗೇ ಕೊನೆವರೆಗೆ. 140 ಆಗುತ್ತದೆ. ಹೊಸ ಕುಣಿಕೆಗೆ ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ, ತಿರುಚಿ ಹೆಣೆಯಿರಿ, ತೂತು ಬೀಳುವುದಿಲ್ಲ. ಆಮೇಲೆ 3 ಸುತ್ತು ಸುಮ್ಮನೆ ನಿಟ್. ನಂತರದ ಸುತ್ತು: 5 ನಿಟ್, 1 ಹೊಸ ಕುಣಿಕೆ. 168 ಆಯಿತು. ಇನ್ನು 15 ಸುತ್ತು ನಿಟ್, ಯಾವ ಬದಲಾವಣೆಯೂ ಇಲ್ಲ.

120ರಿಂದ ಶುರು ಮಾಡಿದವರಿಗೆ ಇಲ್ಲಿ 180 ಆಗಿರುತ್ತದೆ, 104ರಿಂದ ಮಾಡಿದವರಿಗೆ 156. ಈ 15 ಸುತ್ತುಗಳ ಕೊನೆಯದರಲ್ಲಿ ನೀವಿಬ್ಬರೂ ಸಮ ದೂರದಲ್ಲಿ 4 ಕುಣಿಕೆ ಕಡಿಮೆ ಮಾಡಿ, 176 ಅಥವಾ 152ಕ್ಕೆ ಬನ್ನಿ. ಎಂಟು ಭಾಗ ಮಾಡಲು ಸರಿಹೋಗುತ್ತದೆ.

ನೆತ್ತಿ

168 ಕುಣಿಕೆಯನ್ನು 21ರ ಎಂಟು ಭಾಗ ಅಂದುಕೊಳ್ಳಿ, ಪ್ರತಿ ಭಾಗಕ್ಕೂ ಒಂದು ಉಂಗುರ ಹಾಕಿ. ಒಂದು ಸುತ್ತಿನಲ್ಲಿ ಪ್ರತಿ ಭಾಗದಲ್ಲೂ ಒಂದು ಕುಣಿಕೆ ಕಡಿಮೆ ಮಾಡಬೇಕು, ಅದರ ಮುಂದಿನ ಸುತ್ತು ಸುಮ್ಮನೆ ನಿಟ್. ಇದೇ ಕೊನೆವರೆಗೆ.

ಕಡಿಮೆ ಮಾಡುವ ಜಾಗವನ್ನು ಮಾತ್ರ ಬದಲಾಯಿಸುತ್ತಾ ಹೋಗಿ. ಯಾವಾಗಲೂ ಭಾಗದ ತುದಿಯಲ್ಲೇ ಕಡಿಮೆ ಮಾಡಿದರೆ ನೆತ್ತಿ ದುಂಡಗಾಗದೆ ಎಂಟು ಮೂಲೆಯಾಗಿ ಕಾಣುತ್ತದೆ. ಹಾಗಾಗಿ ಮೊದಲ ಸಲ 19 ನಿಟ್, 2 ಸೇರಿಸಿ ಒಂದು. ಮುಂದಿನ ಸಲ ಭಾಗದ ನಡುವೆ: 9 ನಿಟ್, 2 ಸೇರಿಸಿ ಒಂದು, 9 ನಿಟ್. ಆಮೇಲಿನದು ಮತ್ತೆ ತುದಿಯಲ್ಲಿ, 17 ನಿಟ್, 2 ಸೇರಿಸಿ ಒಂದು. ಅದಾದ ಮೇಲೆ ಮತ್ತೆ ನಡುವೆ, 8 ನಿಟ್, 2 ಸೇರಿಸಿ ಒಂದು, 8 ನಿಟ್. ಹೀಗೆ ಅದಲು ಬದಲು. ಕುಣಿಕೆಗಳು ಸರ್ಕ್ಯುಲರ್ ಕಡ್ಡಿಗೆ ಎಟುಕದಷ್ಟು ಕಡಿಮೆಯಾದಾಗ ಐದು ಕಡ್ಡಿಗೆ ದಾಟಿಸಿಕೊಳ್ಳಿ. ಪ್ರತಿ ಭಾಗದಲ್ಲೂ ಒಂದೊಂದೇ ಉಳಿದು ಒಟ್ಟು 8 ಕುಣಿಕೆ ಆದಾಗ, ನೂಲನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಸೂಜಿಯಲ್ಲಿ ಎಂಟರೊಳಗೂ ತೂರಿಸಿ ಎಳೆದು ಬಿಗಿ ಮಾಡಿ. ತುದಿಗಳನ್ನೆಲ್ಲ ಒಳಗೆ ಸೇರಿಸಿ ಬಿಡಿ.

ಈಗ ಕೈಯಲ್ಲಿರುವುದು ಜೋತು ಬೀಳುವ ಒಂದು ದೊಡ್ಡ ಚೀಲ. ಪಟ್ಟಿ ಸುಮಾರು 70 ಸೆಂ.ಮೀ., ತಲೆಗೆ ಹಾಕಿದರೆ ಮೂಗು ದಾಟಿ ಕೆಳಗಿಳಿಯುತ್ತದೆ. ಗಾಬರಿ ಬೇಡ. ಹೀಗೇ ಇರಬೇಕು.

ಬಿಸಿನೀರು, ಸೋಪು, ಕೈ

ನಾನು ಕೈಯಲ್ಲಿ ಮಾಡುವುದನ್ನೇ ಒತ್ತಾಯ ಮಾಡುತ್ತೇನೆ, ಮೊದಲ ಸಲಕ್ಕಂತೂ ಖಂಡಿತ. ಏನಾಗುತ್ತಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ, ಬೇಕಾದಲ್ಲಿ ಜಾಸ್ತಿ ಬೇಡವಾದಲ್ಲಿ ಕಡಿಮೆ ಕುಗ್ಗಿಸಬಹುದು. ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲು ಇದ್ದರೆ ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಮೊದಲು ಪಟ್ಟಿಯ ಬಾಯನ್ನು ಹತ್ತಿ ದಾರದಿಂದ ಉದ್ದುದ್ದ ಹೊಲಿಗೆ ಹಾಕಿ ಸಡಿಲವಾಗಿ ಮುಚ್ಚಿ, ಇಲ್ಲದಿದ್ದರೆ ಬಾಯಿ ಹಿಗ್ಗಿ ಅಲೆಅಲೆಯಾಗುತ್ತದೆ. ಬಕೆಟ್ಟಿನಲ್ಲಿ 50ರಿಂದ 60 ಡಿಗ್ರಿ ಬಿಸಿಯ ನೀರು, ಅಂದರೆ ರಬ್ಬರ್ ಗ್ಲೋವ್ಸ್ ಹಾಕಿದ ಕೈ ತಡೆಯುವಷ್ಟು. ಸೋಪು ತುರಿದು ಹಾಕಿ, ನೀರು ಜಾರು ಜಾರು ಅನ್ನಿಸಬೇಕು, ಬಕೆಟ್ ತುಂಬಾ ನೊರೆ ಮಾತ್ರ ಬೇಡ. ಪಕ್ಕದಲ್ಲಿ ಇನ್ನೊಂದು ಬಕೆಟ್ ತಣ್ಣೀರು.

ಟೋಪಿಯನ್ನು ಅದ್ದಿ, ಪೂರ್ತಿ ನೆನೆಯಲು ಬಿಡಿ. ಮೊದಲ ಹತ್ತು ನಿಮಿಷ ಮೆತ್ತಗೆ, ಬರೀ ಒತ್ತುವುದು, ಹಿಂಡುವುದು, ಮಗುಚುವುದು. ಈ ಹೊತ್ತಿನಲ್ಲಿ ಟೋಪಿ ಕುಗ್ಗುವ ಬದಲು ಇನ್ನೂ ದೊಡ್ಡದಾದ ಹಾಗೆ, ಲೊಳಲೊಳ ಅನ್ನಿಸುತ್ತದೆ. ಒದ್ದೆ ಉಣ್ಣೆ ಜೋಲುತ್ತದೆ, ಅದು ಸಹಜ. ಬೇಸರಪಟ್ಟು ಈಗಲೇ ಜೋರಾಗಿ ಉಜ್ಜಿದರೆ ಆಕಾರ ಸೊಟ್ಟಗಾಗುತ್ತದೆ. ಸ್ವಲ್ಪ ಹೊತ್ತಿಗೆ ಮೇಲ್ಮೈ ಮೇಲೆ ತೆಳು ರೋಮ ಏಳಲು ಶುರುವಾಗುತ್ತದೆ, ಕುಣಿಕೆಗಳು ಮಸುಕಾಗುತ್ತವೆ. ಈಗ ಕಲ್ಲಿನ ಮೇಲೆ ಹಾಕಿ, ಇನ್ನಷ್ಟು ಸೋಪು ಸವರಿ, ಅಂಗೈಯಿಂದ ಉಜ್ಜಿ, ಸುರುಳಿ ಸುತ್ತಿ ಹೊರಳಿಸಿ. ಐದೈದು ನಿಮಿಷಕ್ಕೆ ತಣ್ಣೀರಲ್ಲೊಮ್ಮೆ ಅದ್ದಿ ಮತ್ತೆ ಬಿಸಿನೀರಿಗೆ ಹಾಕಿ. ನೀರು ಆರಿದರೆ ಬದಲಾಯಿಸಿ.

ಒಂದು ಮುಖ್ಯ ವಿಷಯ. ಉಣ್ಣೆ ಯಾವ ದಿಕ್ಕಿಗೆ ಉಜ್ಜುತ್ತೀರೋ, ಹೊರಳಿಸುತ್ತೀರೋ, ಆ ದಿಕ್ಕಿನಲ್ಲೇ ಜಾಸ್ತಿ ಕುಗ್ಗುತ್ತದೆ. ಪಟ್ಟಿ ಇನ್ನೂ ದೊಡ್ಡದಿದೆಯಾ? ಸುತ್ತಳತೆಯ ಉದ್ದಕ್ಕೆ ಉಜ್ಜಿ. ಟೋಪಿ ಆಳ ಜಾಸ್ತಿ ಅನ್ನಿಸಿತಾ? ಪಟ್ಟಿಯಿಂದ ನೆತ್ತಿಯ ಕಡೆಗೆ ಉಜ್ಜಿ. ಇದೊಂದು ಗೊತ್ತಿದ್ದರೆ ಟೋಪಿ ನೀವು ಹೇಳಿದ ಹಾಗೆ ಕೇಳುತ್ತದೆ, ಮಷೀನ್‌ಗೆ ಹಾಕಿದಾಗ ಈ ಹಿಡಿತವೇ ಸಿಗುವುದಿಲ್ಲ. ಪ್ರತಿ ಐದು ನಿಮಿಷಕ್ಕೆ ಟೋಪಿಯನ್ನು ಬಿಡಿಸಿ, ಒಳಗೆ ಕೈ ಹಾಕಿ ಮೇಲಿನ ಪದರ ಕೆಳಗಿನದರ ಜೊತೆ ಅಂಟಿಕೊಂಡಿಲ್ಲ ಅಂತ ನೋಡಿ. ಮಡಿಕೆ ಬಿದ್ದ ಜಾಗ ಬದಲಾಯಿಸಿ, ಇಲ್ಲದಿದ್ದರೆ ಆ ಮಡಿಕೆಯೇ ಶಾಶ್ವತ ಗೆರೆಯಾಗುತ್ತದೆ.

ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ತೋಳು ನೋಯುತ್ತದೆ, ಹೌದು. ಕುಣಿಕೆಗಳು ಕಾಣದಾದಾಗ, ಹಿಡಿದು ಎಳೆದರೆ ಬಟ್ಟೆಯಂತೆ ಗಟ್ಟಿ ಅನ್ನಿಸಿದಾಗ, ಬಾಯಿಯ ದಾರ ಬಿಚ್ಚಿ, ನೀರು ಹಿಂಡಿ ತಲೆಗೆ ಹಾಕಿ ನೋಡಿ. ಹಣೆಗೆ ಸ್ವಲ್ಪ ಬಿಗಿಯಾಗಿ ಕೂತರೆ ನಿಲ್ಲಿಸಿ, ಹಾಕಿ ಹಾಕಿ ಒಂಚೂರು ಸಡಿಲ ಆಗೇ ಆಗುತ್ತದೆ. ಸಡಿಲ ಇದ್ದರೆ ಪಟ್ಟಿಯನ್ನು ಮಾತ್ರ ಇನ್ನಷ್ಟು ಉಜ್ಜಿ.

ಕೈಗೆ ಆಗದವರು ಮಷೀನ್ ಬಳಸಬಹುದು. ಜಿಪ್ ಇರುವ ದಿಂಬಿನ ಕವರಿನಲ್ಲಿ ಹಾಕಿ, ಜೊತೆಗೆ ಒಂದೆರಡು ಹಳೇ ಜೀನ್ಸ್ ಹಾಕಿ, 60 ಡಿಗ್ರಿಗೆ ಇಡಿ. ಜೀನ್ಸ್ ಬಣ್ಣ ಬಿಡುವಂಥದ್ದು ಬೇಡ, ಟವೆಲ್ ಹಾಕಿದರೆ ಅದರ ಜುಂಗು ಟೋಪಿಗೆ ಅಂಟುತ್ತದೆ. ನಡುವೆ ನಿಲ್ಲಿಸಿ ಬಾಗಿಲು ತೆರೆಯಲು ಬಿಡುವ ಮಷೀನ್ ಆದರೆ ಮಾತ್ರ ಇದಕ್ಕೆ ಕೈ ಹಾಕಿ. ಪೂರ್ತಿ ಒಗೆತ ಮುಗಿಯುವವರೆಗೆ ಬಿಟ್ಟರೆ ಮಕ್ಕಳ ಟೋಪಿ ಹೊರಬರಬಹುದು.

ಕೊನೆಗೆ ಉಗುರುಬೆಚ್ಚಗಿನ ನೀರಲ್ಲಿ ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ. ಕೊನೆಯ ನೀರಿಗೆ ಎರಡು ಚಮಚ ವಿನಿಗರ್ ಹಾಕಿ, ಸೋಪಿನ ಕ್ಷಾರ ಹೋಗುತ್ತದೆ. ತಿರುಚಿ ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಮೇಲೆ ನಿಂತು ಒತ್ತಿ.

ತಟ್ಟೆಯ ಮೇಲೆ ಆಕಾರ

ನೆತ್ತಿ ಚಪ್ಪಟೆಯಾಗಿ, ದುಂಡಗೆ ಬರಬೇಕಾದರೆ ಒಳಗೆ ಒಂದು ದುಂಡನೆಯ ವಸ್ತು ಇಟ್ಟು ಒಣಗಿಸಬೇಕು. ನಮ್ಮ ಲೆಕ್ಕದ ಟೋಪಿಗೆ 26ರಿಂದ 27 ಸೆಂ.ಮೀ. ಅಗಲದ್ದು. ಊಟದ ತಟ್ಟೆ ಈ ಅಳತೆಯದೇ ಇರುತ್ತದೆ. 56 ಸೆಂ.ಮೀ. ಬಾಯಿಯನ್ನು ಚಪ್ಪಟೆ ಹಿಡಿದರೆ 28 ಸೆಂ.ಮೀ. ಸೀಳು ಆಗುತ್ತದಲ್ಲ, ತೆಳ್ಳಗಿನ ತಟ್ಟೆಯನ್ನು ಓರೆಯಾಗಿ ಅದರೊಳಗೆ ಜಾರಿಸಬಹುದು. ನಮ್ಮ ಸ್ಟೀಲ್ ತಟ್ಟೆಗಳಿಗೆ ಎತ್ತರದ ಅಂಚು ಇರುವುದರಿಂದ ಕಷ್ಟವಾದರೆ, ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ. ಬಗ್ಗಿಸಿ ಒಳಗೆ ತೂರಿಸಬಹುದು, ಒಳಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತದೆ.

ಅಂಚನ್ನು ಬೆರಳಿಂದ ಸುತ್ತಲೂ ಸಮವಾಗಿ ಎಳೆದು ಕೂರಿಸಿ. ಪಟ್ಟಿಯನ್ನು ತಲೆಯಳತೆಯ ಪಾತ್ರೆ ಅಥವಾ ಡಬ್ಬದ ಮೇಲೆ ಕೂರಿಸಿ, ಇಡೀ ಟೋಪಿ ನಾಯಿಕೊಡೆಯ ಹಾಗೆ ನಿಲ್ಲುವಂತೆ ಇಡಿ. ನೆರಳಲ್ಲಿ, ಫ್ಯಾನ್ ಕೆಳಗೆ ಒಣಗಲಿ, ಬಿಸಿಲು ಬೇಡ. ಎರಡು ಮೂರು ದಿನ ಹಿಡಿಯುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ದಪ್ಪ ಉಣ್ಣೆ ಒಳಗೇ ಒದ್ದೆ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ.

ಒಣಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ ರೋಮ ಎಬ್ಬಿಸಿ, ಉದ್ದ ಇದ್ದದ್ದನ್ನು ಚೂಪು ಕತ್ತರಿಯಿಂದ ಸಮ ಮಾಡಿ. ಹಿಂದಿನ ಕಾಲದಲ್ಲಿ ಉಣ್ಣೆ ಬಟ್ಟೆಗೆ ಇದನ್ನೇ ಟೀಸಲ್ ಅನ್ನುವ ಗಿಡದ ಒಣಗಿದ ಮುಳ್ಳುತಲೆಯಿಂದ ಮಾಡುತ್ತಿದ್ದರು. ಈ ಹಂತ ಬಿಟ್ಟರೂ ಟೋಪಿ ಟೋಪಿಯೇ, ಆದರೆ ಮಾಡಿದರೆ ಆ ಹಳೇ ಬಾನೆಟ್ಟಿನ ಮೃದು ಮೈ ಬರುತ್ತದೆ.

ಅಲಂಕಾರ, ಬೇಕಾದಷ್ಟೇ

ನೆತ್ತಿಯ ನಡುವೆ ಕೆಂಪು ಉಣ್ಣೆಯ ಒಂದು ಗೊಂಡೆ ಹೊಲಿಯಬಹುದು, ಸ್ಕಾಟರು ಅದಕ್ಕೆ ಟೂರಿ ಅಂತಾರೆ. ಎರಡು ಬೆರಳಿಗೆ ಮೂವತ್ತು ನಲವತ್ತು ಸುತ್ತು ನೂಲು ಸುತ್ತಿ, ನಡುವೆ ಬಿಗಿಯಾಗಿ ಕಟ್ಟಿ, ಎರಡೂ ಕಡೆ ಕತ್ತರಿಸಿ ದುಂಡಗೆ ಮಾಡಿದರೆ ಆಯಿತು. ಗೊಂಡೆ ಚಿಕ್ಕದಿದ್ದಷ್ಟೂ ಚೆಂದ ಅಂತ ನನ್ನ ಅಭಿಪ್ರಾಯ. ಪಟ್ಟಿಗೆ ಕಪ್ಪು ರಿಬ್ಬನ್ ಹೊಲಿದು ಹಿಂದೆ ಗಂಟು ಹಾಕಿ ಬಾಲ ಬಿಟ್ಟರೆ ಬಾಲ್ಮೋರಲ್ ಅನ್ನುವ ಸ್ಕಾಟಿಷ್ ಟೋಪಿಯ ಮಾದರಿಗೆ ಹತ್ತಿರವಾಗುತ್ತದೆ, ಪಟ್ಟಿ ತುಸು ಸಡಿಲವಾದವರಿಗೆ ಬಿಗಿ ಮಾಡಿಕೊಳ್ಳಲು ಉಪಯೋಗವೂ ಹೌದು. ರಿಬ್ಬನ್ನಿನ ಹೂವು ಹೊಲಿಯುವವರು ಬಣ್ಣ ನೋಡಿಕೊಂಡು ಹೊಲಿಯಿರಿ. 1745ರ ದಂಗೆಯಲ್ಲಿ ಬಿಳಿ ಹೂವು ಸ್ಟೂವರ್ಟ್ ರಾಜಮನೆತನದ ಪರ ಇದ್ದ ಜಾಕೊಬೈಟರ ಗುರುತು, ಕಪ್ಪು ಹೂವು ಎದುರು ಪಕ್ಷದ ಹ್ಯಾನೋವರ್ ಸೈನ್ಯದ್ದು. ಇವತ್ತಿಗೂ ಅದರ ಅರ್ಥ ಗೊತ್ತಿರುವವರು ಅಲ್ಲಿ ಬಹಳ ಜನ ಇದ್ದಾರೆ.

ಟ್ಯಾಮ್ ಓ ಶ್ಯಾಂಟರ್ ಅಂತ ಕರೆಯುವ ಟೋಪಿಯೂ ಇದೇ ಕುಟುಂಬದ್ದು. ರಾಬರ್ಟ್ ಬರ್ನ್ಸ್ 1790ರಲ್ಲಿ ಬರೆದ ಕವಿತೆಯ ನಾಯಕನ ಹೆಸರು ಅದು, ಟೋಪಿಗೆ ಆ ಹೆಸರು ಆಮೇಲೆ ಅಂಟಿಕೊಂಡಿತು. ನೀವು ಅದನ್ನು ಮಾಡಬೇಕೆಂದರೆ ಮೇಲಿನ ಲೆಕ್ಕದಲ್ಲಿ ಅಗಲದ 15 ಸುತ್ತನ್ನು 20 ಮಾಡಿ, ಟೋಪಿ ಇನ್ನಷ್ಟು ಜೋತು ಬೀಳುತ್ತದೆ, ಗೊಂಡೆಯನ್ನೂ ದೊಡ್ಡದು ಮಾಡಿ.

ಇನ್ನು ನೋಡಿಕೊಳ್ಳುವುದು. ಕೊಳೆಯಾದರೆ ಒಣ ಬ್ರಷ್ ಸಾಕು. ಒಗೆಯಲೇಬೇಕು ಅಂದರೆ ತಣ್ಣೀರಲ್ಲಿ ಅದ್ದಿ ತೆಗೆದು ಮತ್ತೆ ರಟ್ಟಿನ ಮೇಲೆ ಒಣಗಿಸಿ, ಬಿಸಿನೀರಿಗೆ ಹಾಕಿದರೆ ಇನ್ನೂ ಕುಗ್ಗುತ್ತದೆ. ನಮ್ಮ ಕಡೆ ದೊಡ್ಡ ಶತ್ರು ನುಸಿ. ಪೂರ್ತಿ ಒಣಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಜೊತೆಗಿಟ್ಟು, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಮಡಿಸದೆ ಇಡಿ, ಎರಡು ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಿಡಿದು ಚೆನ್ನಾಗಿ ಕೊಡವಿ.